ಬಾನೆಟ್ ಮೇಲಿನ ಕೀ

"ಅಮ್ಮ, ತಿರುವಿನಾಚೆ ಮರಿ ಕಟ್ಕೊಂಡು ಆನೆ ನಿಂತದೆ. ಜೀಪಲ್ಲಿ ಕೂತ್ಕಳಿ," ಎಂದ ಬಾಡಿಗೆ ಜೀಪಿನ ನಂಜುಂಡೇಶ.

ಕಾಡಿನ ನಡುವಿನ ಮೋಯಾರ್ ರಸ್ತೆಯಲ್ಲಿ ಒಬ್ಬರೇ ನಡೆದು ಬರುತ್ತಿದ್ದ ಲಿಂಗಾಜಮ್ಮ ನಕ್ಕರು. "ಬಸ್ ತಪ್ಪಿದವರಿಗೆಲ್ಲ ನೀವು ಜೀಪಿನವರು ಆನೆ ತೋರಿಸ್ತೀರಪ್ಪ."

"ಕಾಸು ಬ್ಯಾಡ."

"ಹತ್ತಿಸ್ಕೊಳ್ಳೋವಾಗ ಎಲ್ಲಾರೂ ಹಂಗೇ ಅಂತೀರಿ."

ಅವನು ಜೀಪಿನ ಕೀ ತೆಗೆದು ಅವರ ಅಂಗೈಯಲ್ಲಿಟ್ಟ. "ಗಾಡಿ ಓಡ್ಸಲ್ಲ. ಆನೆ ಹೋಗೋಗಂಟ ಸುಮ್ನೆ ಕೂತಿರಿ." ಅವರು ಅದನ್ನು ಬಾನೆಟ್ ಮೇಲಿಟ್ಟರು. "ಈ ಕಾಡಂಚಲ್ಲೇ ಹುಟ್ಟಿ ಬೆಳೆದೋಳು ನಾನು. ಆನೆ ಇದ್ರೆ ನನ್ ಮೂಗಿಗೆ ಗೊತ್ತಾಗಲ್ವಾ?" ಎನ್ನುತ್ತ ಮುಂದೆ ನಡೆದರು.

ಕೈ ಹಿಡಿದು ಎಳೆಯುವಂತಿಲ್ಲ. ಕೂಗಿದರೂ ಹಾರನ್ ಒತ್ತಿದರೂ ತಾಯಿಯಾನೆ ಕೆರಳುತ್ತದೆ. ನಂಜುಂಡೇಶನ ಕೈ ಹಾರನ್ ಮೇಲೆಯೇ ಉಳಿಯಿತು. ಬೆನ್ನ ಹಿಂದಿನಿಂದ ಬೀಸುವ ಗಾಳಿಗೆ ಲಿಂಗಾಜಮ್ಮನ ಸೆರಗು ಅವರಿಗಿಂತ ಮುಂದೆ, ತಿರುವಿನ ಕಡೆಗೆ ಹಾರುತ್ತಿತ್ತು.