ಹನ್ನೆರಡನೆಯ ಸಾಲು

ಊರಿಗೆ ಬೆಳಗು ಮಾಡುವ ಕಚೇರಿಯಲ್ಲಿ ಶಾಂಭವಿಗೆ ಅಂದು ಮೊದಲ ದಿನ. ಕಪ್ಪು ಪರದೆಯ ಮೇಲೆ ‘ಬೆಳಗು’ ಎಂಬ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದಳು. ನಿನ್ನೆಯಷ್ಟೇ ನಿವೃತ್ತರಾದ ಗುರುಬಸಪ್ಪನವರ ಸ್ಕ್ರಿಪ್ಟ್ ಸಾಲುಸಾಲಾಗಿ ಓಡಿತು. ನಕ್ಷತ್ರಗಳು ಆರಿದವು, ಕೋಳಿಗಳು ಕೂಗಿದವು, ಸೂರ್ಯ ಕೆರೆ ಏರಿಯ ಮೇಲೆ ಹಣೆಯನ್ನಷ್ಟೇ ತೋರಿಸಿ ನಿಂತುಬಿಟ್ಟ. ಹನ್ನೆರಡನೆಯ ಸಾಲು ಕೇಳುತ್ತಿತ್ತು: ‘ಕಾಫಿ ಆಯ್ತಾ?’

‘ಇಲ್ಲ’ ಎಂದು ಟೈಪ್ ಮಾಡಿದಳು. ಅದು ಮತ್ತೆ ಅದನ್ನೇ ಕೇಳಿತು. ಬೇಸತ್ತು ‘ಆಯ್ತು’ ಎಂದು ಸುಳ್ಳು ಹೇಳಿದಳು.

‘ಸೂರ್ಯನೇ ಬಂದಿಲ್ಲ, ಯಾವ ಹೋಟ್ಲು ತೆಗೆದಿತ್ತಮ್ಮ?’ ಎಂದಿತು ಪರದೆ.

ಹೊರಗೆ ಹಾಲಿನವರು, ಪೇಪರಿನವರು ಆಗಲೇ ಗೊಣಗತೊಡಗಿದ್ದರು. ಶಾಂಭವಿ ಗುರುಬಸಪ್ಪನವರಿಗೆ ಫೋನ್ ಮಾಡಿದಳು.

“ಸರ್, ಆ ಹನ್ನೆರಡನೇ ಸಾಲು ಅಳಿಸಿಬಿಡ್ಲಾ?”

“ಅದನ್ನ ಮಾತ್ರ ಮುಟ್ಟಬ್ಯಾಡಮ್ಮ! ಮೊದ್ಲು ಬಾಗ್ಲು ತಗಿ.”

ಬಾಗಿಲ ಹೊರಗೆ ಗುರುಬಸಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫ್ಲಾಸ್ಕ್, ಎರಡು ಲೋಟ ಹಿಡಿದು ನಿಂತಿದ್ದರು. ಒಳಗೆ ಬಂದವರೇ ತಮ್ಮ ಹಳೆಯ ಕುರ್ಚಿಯನ್ನು ಒಮ್ಮೆ ಸವರಿ, ಪಕ್ಕದ ಸ್ಟೂಲಿನ ಮೇಲೆ ಕೂತರು.

“ಈ ಸಾಲು ಯಾವಾಗ ಬರೆದ್ರಿ ಸರ್?”

“ನಿನ್ನೆ ಸಂಜೆ,” ಎಂದರು ಅವರು, ಎರಡು ಲೋಟಗಳಿಗೂ ಕಾಫಿ ಬಗ್ಗಿಸುತ್ತ.