ಫೋಟೋದಲ್ಲಿದ್ದ ಹಕ್ಕಿ

ಕೆರಿಬಿಯನ್ನಿನ ಸೇಂಟ್ ಓರೆಲ್ ದ್ವೀಪ ಮುಳುಗಿ ಹನ್ನೊಂದು ವರ್ಷವಾಗಿತ್ತು. ಅಲ್ಲಿಯವರು ಈಗ ಉತ್ತರದ ಚಳಿಯೂರೊಂದರಲ್ಲಿದ್ದರು. ನೆಲ ಕಳೆದುಕೊಂಡವರು ತಾವಿನ್ನೂ ಒಂದು ದೇಶವೆಂದು ಆಶ್ರಯ ಕೊಟ್ಟ ಸರ್ಕಾರಕ್ಕೆ ವರ್ಷಕ್ಕೊಮ್ಮೆ ತಮ್ಮ ಕಲೆಯಿಂದ ತೋರಿಸಿಕೊಡಬೇಕಿತ್ತು. ಎರಡು ಸಲ ಫೇಲಾದರೆ ಎಲ್ಲರ ಪಾಸ್‌ಪೋರ್ಟೂ ರದ್ದು.

ಹೋದ ವರ್ಷ ಫೇಲಾಗಿದ್ದು ಕತ್ಬರ್ಟ್‌ನಿಂದ. ತಂತಿ ಬಗ್ಗಿಸಿ ಕಾರ್ನಿವಲ್ ಹಬ್ಬದ ಕುಣಿತಕ್ಕೆ ವೇಷ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕುಣಿದ ಮರುದಿನ ವೇಷ ಮುರಿದುಹಾಕಿ, ಮುಂದಿನ ವರ್ಷ ಹೊಸದನ್ನೇ ಕಟ್ಟುವುದು ಅವರ ಪದ್ಧತಿ. ಅವನೂ ಹಾಗೇ ಹೊಸ ಹಕ್ಕಿವೇಷ ಕಟ್ಟಿದ್ದ. ಸರ್ಕಾರದ ದಾಖಲೆಯಲ್ಲಿದ್ದ ಫೋಟೋ ಅವನಜ್ಜ ಕಟ್ಟಿದ ಹಕ್ಕಿಯದು. ಎರಡೂ ಒಂದನ್ನೊಂದು ಹೋಲಲಿಲ್ಲ.

ಈ ಸಲ ಅವನು ಫೋಟೋ ನೋಡಿಕೊಂಡೇ ಕಟ್ಟಿದ. ಪರೀಕ್ಷೆಗೆ ಬಂದ ಅಧಿಕಾರಿಣಿ ಒಂದೊಂದು ಗರಿಯನ್ನೂ ಹೋಲಿಸಿ ನೋಡಿ ಮೊಹರು ಒತ್ತಿದಳು.

“ನಿಮ್ಮ ಸಂಸ್ಕೃತಿ ಚೆನ್ನಾಗಿ ಉಳಿದುಕೊಂಡಿದೆ,” ಎಂದಳು. ಒಳ್ಳೆಯ ಹೆಂಗಸು, ಮನಸಾರೆ ಹೇಳಿದಳು.

ಮರುದಿನ ಬೆಳಿಗ್ಗೆ ಅವನ ತಂಗಿ ಮಾರ್ವಾ ಎಂದಿನಂತೆ ಕಟಿಂಗ್ ಪ್ಲೇಯರ್ ಹಿಡಿದು ಬಂದಳು. ಮೊದಲ ತಂತಿ ಕತ್ತರಿಸುವುದು ಚಿಕ್ಕಂದಿನಿಂದಲೂ ಅವಳದೇ ಕೆಲಸ.

“ಬೇಡ, ಬಿಡು,” ಎಂದ ಕತ್ಬರ್ಟ್. “ಮುಂದಿನ ವರ್ಷಕ್ಕೂ ಇದೇ ಬೇಕು.”

“ಅದರ ಮುಂದಿನ ವರ್ಷಕ್ಕೆ?”

“ಅದಕ್ಕೂ ಇದೇ.”

ಮಾರ್ವಾ ಪ್ಲೇಯರ್ ಕೆಳಗಿಟ್ಟಳು. “ಹಾಗಾದ್ರೆ ನೀನೇನು ಮಾಡ್ತೀಯ?”

ಕತ್ಬರ್ಟ್ ಹಳೆಯ ಬಿಳಿ ಬೆಡ್‌ಶೀಟೊಂದನ್ನು ಕೊಡವಿ, ಧೂಳು ಕೂರದಿರಲೆಂದು, ಹಕ್ಕಿಗೆ ಕಾಲಿನಿಂದ ತಲೆಯವರೆಗೂ ಹೊದಿಸಿದ.