ನೀಲಿ ಚೂರು

ಎಣ್ಣೆಯ ಒತ್ತಡದಿಂದ ವಾಲ್ವುಗಳ ಟೈಮಿಂಗ್ ಹೊಂದಿಸುವ ಸೊಲೆನಾಯ್ಡ್ ಎಂಬ ಬಿಡಿಭಾಗವನ್ನು ಎಂಜಿನ್ನಿನಿಂದ ಹೊರಗೆಳೆದ ತಮ್ಮ ಅದನ್ನು ದೀಪದ ಕೆಳಗೆ ಹಿಡಿದ. ಎಣ್ಣೆ ಹರಿಯುವ ಜಾಲರಿಯಲ್ಲಿ ಸಾಸಿವೆಯಷ್ಟು ನೀಲಿ ಚೂರು ಸಿಕ್ಕಿಕೊಂಡಿತ್ತು. ಸಂದುಗಳಿಂದ ಎಣ್ಣೆ ಸೋರದಂತೆ ಬಳಿಯುವ ಗ್ಯಾಸ್ಕೆಟ್ ಅಂಟು ಒಣಗಿ, ಉದುರಿ ಎಣ್ಣೆಯ ದಾರಿ ಕಟ್ಟಿತ್ತು; ಎಂಜಿನ್ ಕೆಟ್ಟಿದ್ದು ಅದರಿಂದಲೇ. ಗ್ಯಾರೇಜಿನಲ್ಲಿ ಅದನ್ನು ಬಳಿಯುವವನು ಅವನೊಬ್ಬನೇ. ಅಣ್ಣನಿಗೆ ಅದನ್ನು ಕಂಡರಾಗದು. ಅವನದು ಇಂದಿಗೂ ಕೈಯಾರೆ ಕತ್ತರಿಸಿದ ಕಾಗದದ ಗ್ಯಾಸ್ಕೆಟ್ಟೇ.

ಇಬ್ಬರೂ ಸೇರಿ ರಿಪೇರಿ ಮಾಡಿ ಕಳಿಸಿದ್ದ ಈ ಕಾರು ಏದುಸಿರು ಬಿಡುತ್ತಾ ವಾಪಸ್ಸು ಬಂದಾಗ ಗಿರಾಕಿಯ ಎದುರಿಗೇ ತಮ್ಮ ಕೂಗಾಡಿದ್ದ: “ಚೈನ್ ಕೂರಿಸಿದ್ದು ನೀನೇ ತಾನೆ? ಚಕ್ರದ ಒಂದು ಹಲ್ಲು ತಪ್ಪಿಸಿದೀಯ. ಕಣ್ಣು ಕಾಣಲ್ಲ ಅಂದ್ರೆ ಎಂಜಿನ್ ಮುಟ್ಟಬೇಡ!” ಅಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅಂದಿನಿಂದ ಪಂಕ್ಚರ್ ಹಾಕಿಕೊಂಡು ಬಾಗಿಲ ಬಳಿಯೇ ಕೂತುಬಿಟ್ಟಿದ್ದ. ಈಗ ಬಿಚ್ಚಿ ನೋಡಿದರೆ ಚೈನು ಒಂದು ಹಲ್ಲೂ ತಪ್ಪದೆ ಗುರುತಿಗೆ ಗುರುತು ಕೂತಿತ್ತು.

“ಏನೋ, ನನ್ನ ಕೈಯಿಂದಲೇ ಕೆಟ್ಟಿದ್ದಾ?” ಟೈರು ಬಿಟ್ಟು ಅಣ್ಣ ಎದ್ದು ಬಂದ. ತಮ್ಮ ಅಷ್ಟರಲ್ಲಿ ಚೂರನ್ನು ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡಿದ್ದ. ಪ್ಯಾಂಟಿಗೆ ಒರೆಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಷ್ಟಿ ಒಮ್ಮೆ ಬಿಗಿಯಾಯಿತು, ಆಮೇಲೆ ನಿಧಾನವಾಗಿ ಬಿಚ್ಚಿಕೊಂಡಿತು.

ಅಣ್ಣ ಆ ಕೈಯನ್ನು ಬೆಳಕಿಗೆ ಎಳೆದು, ಕಣ್ಣು ಕಿರಿದಾಗಿಸಿ ನೋಡಿದ. ಯಾರದ್ದೆಂದು ಕೇಳಲಿಲ್ಲ. ಅವನ ಮುಖ ಅರಳಿತು.

“ನೀಲಿ ಅಲ್ವೇನೋ? ಇಷ್ಟೇ ಇಷ್ಟು ಚೂರು... ಕಾಣ್ತಿದೆ ಕಣೋ ನಂಗೆ!”